ರಾನೆಟ್ಸ್ ಅವರ ‘ಬಿ ಮೈ ಬೇಬಿ’: ಕೋರಸ್ ಹಾಡುವವಳು ಕೇಳಿದಂತೆ

ಡುಂ, ಡು-ಡುಂ, ಠಪ್. ಹಾಡು ಶುರುವಾಗುವುದೇ ಹೀಗೆ. ಬೇರೆ ವಾದ್ಯ ಏನೂ ಇಲ್ಲ, ಡ್ರಮ್ ಒಂದೇ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿಕೊಂಡು ಕೇಳಿ. ಸಾಮಾನ್ಯವಾಗಿ ಪಾಪ್ ಹಾಡಿನಲ್ಲಿ ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಡ್ರಮ್ಮಿನ ಏಟು ಬೀಳುತ್ತದೆ. ಇಲ್ಲಿ ಎರಡಕ್ಕೆ ಸ್ನೇರ್ ಇಲ್ಲ. ನಾಲ್ಕಕ್ಕೆ ಮಾತ್ರ ಒಂದು ದೊಡ್ಡ ಏಟು, ಅದೂ ಖಾಲಿ ಹಾಲ್‌ನಲ್ಲಿ ಬಾಗಿಲು ಬಡಿದ ಹಾಗೆ. ಆ ಒಂದು ಏಟು ಬಿಟ್ಟಿರುವುದರಿಂದ ಕೇಳುವವರು ಮುಂದಕ್ಕೆ ವಾಲುತ್ತಾರೆ. ಏನೋ ಬರುತ್ತದೆ ಅಂತ ಕಾಯುತ್ತಾರೆ. ಬಾರಿಸಿದವರು ಹ್ಯಾಲ್ ಬ್ಲೇನ್. ಎರಡನೇ ಏಟು ತಪ್ಪಿದ್ದು ಅಚಾನಕ್ಕಾಗಿ ಇರಬಹುದು, ಕೋಲು ಕೈಜಾರಿತ್ತೇನೋ ಅಂತ ಅವರೇ ಮುಂದೆ ಹೇಳಿದ್ದಾರೆ. ಹೇಗೆ ಬಂದಿದ್ದರೂ ಸರಿ, ಅದನ್ನು ಹಾಡಿನ ಉದ್ದಕ್ಕೂ ಉಳಿಸಿಕೊಂಡರಲ್ಲ, ಅದು ದೊಡ್ಡದು.

ಹಾಡು 1963ರದು, ರಾನೆಟ್ಸ್ ಅನ್ನುವ ಅಮೆರಿಕದ ಮೂವರು ಹುಡುಗಿಯರ ಗುಂಪಿನದು. ಜುಲೈನಲ್ಲಿ ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಆಗಸ್ಟ್‌ನಲ್ಲಿ ಫಿಲೀಸ್ ರೆಕಾರ್ಡ್ಸ್‌ನಿಂದ ಸಿಂಗಲ್ ಆಗಿ ಬಂತು. ಬರೆದವರು ಜೆಫ್ ಬ್ಯಾರಿ, ಎಲ್ಲೀ ಗ್ರೀನ್‌ವಿಚ್ ಮತ್ತು ನಿರ್ಮಾಪಕ ಫಿಲ್ ಸ್ಪೆಕ್ಟರ್. ವಾದ್ಯ ಸಂಯೋಜನೆ ಜ್ಯಾಕ್ ನಿಚೀ, ಇಂಜಿನಿಯರ್ ಲ್ಯಾರಿ ಲೆವೀನ್. ಅಕ್ಟೋಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. 1ನೇ ಸ್ಥಾನದಲ್ಲಿ ‘ಶುಗರ್ ಶ್ಯಾಕ್’ ಅನ್ನುವ ಹಾಡು ಅಲುಗಾಡದೆ ಕೂತಿತ್ತು. ಇಂಗ್ಲೆಂಡಿನಲ್ಲಿ ಇದು 4ನೇ ಸ್ಥಾನದವರೆಗೆ ಹೋಯಿತು. ಇಡೀ ಹಾಡು ಮೂರು ನಿಮಿಷವೂ ಇಲ್ಲ.

ಈ ಹಾಡಿನ ಬಗ್ಗೆ ಬರೆಯುವವರೆಲ್ಲ ಸ್ಪೆಕ್ಟರ್‌ನನ್ನೇ ಹೊಗಳುತ್ತಾರೆ. ಅವನ ‘ವಾಲ್ ಆಫ್ ಸೌಂಡ್’, ಅಂದರೆ ಸದ್ದಿನ ಗೋಡೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಾನು ಬೆಂಗಳೂರಿನಲ್ಲಿ ಬಹಳ ವರ್ಷ ಕೋರಸ್ ಹಾಡಿದವಳು. ಭಕ್ತಿಗೀತೆ, ಭಾವಗೀತೆ, ಜಾನಪದ, ಆಗೊಮ್ಮೆ ಈಗೊಮ್ಮೆ ಸಿನಿಮಾ. ಕ್ಯಾಸೆಟ್‌ ಕವರ್ ಮೇಲೆ ಮುಖ್ಯ ಗಾಯಕರ ಹೆಸರಿನ ಪಕ್ಕ ಚಿಕ್ಕದಾಗಿ ‘ಮತ್ತು ಸಂಗಡಿಗರು’ ಅಂತ ಇರುತ್ತದೆ ನೋಡಿ, ಆ ಸಂಗಡಿಗರಲ್ಲಿ ಒಬ್ಬಳು. ನಾಲ್ಕೈದು ಜನ ಹೆಂಗಸರು ಒಂದೇ ಮೈಕಿನ ಸುತ್ತ ನಿಂತು ಹಾಡುತ್ತಿದ್ದೆವು. ಯಾರ ದನಿ ಜಾಸ್ತಿ ಚುಚ್ಚುತ್ತದೋ ಅವರು ಒಂದು ಹೆಜ್ಜೆ ಹಿಂದೆ. ಹಾಗಾಗಿ ನನ್ನ ಕಿವಿ ಯಾವ ಹಾಡಿಗಾದರೂ ಮೊದಲು ಹಿಂದಿನ ಸಾಲಿಗೇ ಹೋಗುತ್ತದೆ. ‘ಬಿ ಮೈ ಬೇಬಿ’ ಕೇಳಿದಾಗಲೂ ಹಾಗೇ ಆಯಿತು. ಹಿಂದಿನ ಸಾಲಿನಿಂದ ಮುಂದಿನವಳ ಕಡೆಗೆ ಬಂದೆ. ಬಂದವಳು ಅಲ್ಲೇ ನಿಂತುಬಿಟ್ಟೆ.

ಮುಂದಿನವಳು ಅಂದರೆ ರಾನಿ. ಪೂರ್ತಿ ಹೆಸರು ವೆರೋನಿಕಾ ಬೆನೆಟ್. ನ್ಯೂಯಾರ್ಕಿನ ಸ್ಪ್ಯಾನಿಷ್ ಹಾರ್ಲೆಮ್ ಹುಡುಗಿ. ಅಕ್ಕ ಎಸ್ಟೆಲ್ ಬೆನೆಟ್, ಸೋದರ ಸಂಬಂಧಿ ನೆಡ್ರಾ ಟ್ಯಾಲಿ, ಇವರು ಮೂವರು ಸೇರಿ ರಾನೆಟ್ಸ್. 1961ರ ಹೊತ್ತಿಗೇ ಪೆಪ್ಪರ್‌ಮಿಂಟ್ ಲೌಂಜ್ ಅನ್ನುವ ಕ್ಲಬ್ಬಿನಲ್ಲಿ ಕುಣಿಯುತ್ತಿದ್ದರು. ಬೇರೊಂದು ಕಂಪನಿಗೆ ಕೆಲವು ಹಾಡು ಹಾಡಿದ್ದರು, ಯಾವುದೂ ಓಡಲಿಲ್ಲ. ಎತ್ತರಕ್ಕೆ ಕಟ್ಟಿದ ಕೂದಲು, ಕಣ್ಣಿಗೆ ದಪ್ಪ ಕಾಡಿಗೆ, ಮೈಗಂಟಿದ ಉಡುಪು. ಆ ಕಾಲದ ಬೇರೆ ಹುಡುಗಿಯರ ಗುಂಪುಗಳು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದವರ ಹಾಗೆ ನೀಟಾಗಿ ನಿಲ್ಲುತ್ತಿದ್ದಾಗ ಇವರು ತಮ್ಮ ಬೀದಿಯ ಹೆಂಗಸರನ್ನು ನೋಡಿ ಕಲಿತ ಠೀವಿಯಲ್ಲಿ ಬಂದರು. ಈ ಹಾಡು ರೆಕಾರ್ಡ್ ಆದಾಗ ರಾನಿಗೆ 19 ವರ್ಷ. 20 ತುಂಬುವುದಕ್ಕೆ ಕೆಲವೇ ದಿನ ಬಾಕಿ ಇತ್ತು.

ಅವಳ ದನಿಯನ್ನು ಹೇಗೆ ಹೇಳಲಿ? ತೀರಾ ಸಿಹಿಯಾದ ದನಿ ಅಲ್ಲ. ಅಂಚಿನಲ್ಲಿ ಸ್ವಲ್ಪ ಒರಟು ಇದೆ, ಮೂಗಿನ ಛಾಯೆಯೂ ಇದೆ. ಸಾಲಿನ ಕೊನೆಗೆ ಬಂದಾಗ ದನಿ ನಡುಗುತ್ತದೆ. ಆ ನಡುಕ ಅಗಲವಾದದ್ದು, ನಿಧಾನವಾದದ್ದು. ಸಂಗೀತ ಕಲಿಸುವವರು ಕೇಳಿದರೆ ಕಡಿಮೆ ಮಾಡಮ್ಮ ಅನ್ನುತ್ತಾರೇನೋ. ಆದರೆ ಅವಳು ಸ್ವರಕ್ಕೆ ತಲುಪಿದ ಮೇಲೆ ನಡುಗಿಸುತ್ತಾಳೆ, ಹುಡುಕಿಕೊಂಡು ಹೋಗುತ್ತಾ ನಡುಗಿಸುವುದಿಲ್ಲ. ಇದು ದೊಡ್ಡ ವ್ಯತ್ಯಾಸ. ಹಾಡುವವರಿಗೆ ಗೊತ್ತಿರುತ್ತದೆ. ಸ್ವರದಲ್ಲಿ ಖಚಿತವಾಗಿ ನಿಂತು, ಆಮೇಲೆ ಅದನ್ನು ಅಲುಗಾಡಿಸುವುದಕ್ಕೆ ಧೈರ್ಯ ಬೇಕು. ಉಸಿರು ಬೇಕು.

ಇನ್ನೊಂದು, ಅವಳ ‘ವೊ-ಒ-ಒ-ಒ’. ಹಾಡಿನಲ್ಲಿ ಮಾತು ಮುಗಿದ ಕಡೆ ಅವಳು ಇದನ್ನು ಹಾಕುತ್ತಾಳೆ. ಕಾಗದದ ಮೇಲೆ ಬರೆದರೆ ಅದು ಏನೂ ಅಲ್ಲ. ಹಾಡಿನಲ್ಲಿ ಅದೇ ಎಲ್ಲ. ಗೋಲ್ಡ್ ಸ್ಟಾರ್‌ನಲ್ಲಿ ಹೆಂಗಸರ ಬಾತ್‌ರೂಮಿಗೆ ಹೋಗಿ ಪ್ರಾಕ್ಟೀಸ್ ಮಾಡುತ್ತಿದ್ದೆ, ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತಿತ್ತು, ಆ ‘ವೊ-ಒ’ಗಳೆಲ್ಲ ಹುಟ್ಟಿದ್ದು ಅಲ್ಲೇ ಅಂತ ರಾನಿ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಇದನ್ನು ಓದಿದಾಗ ನನಗೆ ತುಂಬ ಖುಷಿಯಾಯಿತು. ನಾವೂ ಸ್ಟುಡಿಯೋದ ಮೆಟ್ಟಿಲ ಕೆಳಗೆ, ಕಾರಿಡಾರಿನಲ್ಲಿ, ಎಲ್ಲಿ ಗೋಡೆ ದನಿಯನ್ನು ವಾಪಸ್ ಕೊಡುತ್ತದೋ ಅಲ್ಲಿ ನಿಂತು ಗುನುಗಿಕೊಳ್ಳುತ್ತಿದ್ದೆವು. ಹಾಡುವವರು ಎಲ್ಲಿದ್ದರೂ ಇದನ್ನೇ ಮಾಡುತ್ತಾರೆ. ಹಾಡು ಬರೆದ ಮೂವರ ಹೆಸರು ಲೇಬಲ್ ಮೇಲಿದೆ. ಆದರೆ ಜನ ಇವತ್ತಿಗೂ ಗುನುಗುವ ಆ ‘ವೊ-ಒ-ಒ-ಒ’ಗೆ ಜೀವ ಕೊಟ್ಟವಳು ಹಾಡಿದ ಹುಡುಗಿ. ಇದನ್ನು ಹೇಳಲೇಬೇಕು.

ಸಾಹಿತ್ಯ ಸರಳ. ಹುಡುಗಿಗೆ ಹುಡುಗನನ್ನು ಕಂಡ ರಾತ್ರಿಯೇ ಇವನೇ ಬೇಕು ಅಂತ ಗೊತ್ತಾಗಿದೆ. ನೇರವಾಗಿ ಕೇಳುತ್ತಿದ್ದಾಳೆ. ಇದರಲ್ಲಿ ಹುಡುಗಿ ತೀರಾ ಬೇಡಿಕೊಳ್ಳುತ್ತಾಳೆ ಅಂತ ಕೆಲವರಿಗೆ ಅನ್ನಿಸಬಹುದು. ಸಾಹಿತ್ಯ ಮಾತ್ರ ಓದಿದರೆ ಹಾಗೇ ಕಾಣುತ್ತದೆ. ರಾನಿ ಹಾಡಿದಾಗ ಹಾಗಿಲ್ಲ. ಅವಳ ದನಿಯಲ್ಲಿ ಬೇಡಿಕೆ ಇಲ್ಲ, ಆಹ್ವಾನ ಇದೆ. ಬಂದರೆ ನಿನಗೇ ಲಾಭ ಅನ್ನುವ ಹಾಗಿದೆ. 19ರ ಹುಡುಗಿ ಇಷ್ಟು ನಿರಾಳವಾಗಿ ತನ್ನ ಆಸೆ ಹೇಳಿಕೊಳ್ಳುವುದು 1963ರ ರೇಡಿಯೋದಲ್ಲಿ ಎಷ್ಟು ಹೊಸದಾಗಿ ಕೇಳಿಸಿರಬೇಕು, ಅಲ್ವಾ?

ಈಗ ಹಿಂದಿನ ಸಾಲಿಗೆ ಬರುತ್ತೇನೆ.

ರಾನೆಟ್ಸ್ ಅಂದರೆ ಮೂವರು. ಆದರೆ ಈ ರೆಕಾರ್ಡಿನಲ್ಲಿ ಹಾಡಿರುವ ರಾನೆಟ್ ಒಬ್ಬಳೇ, ರಾನಿ. ಎಸ್ಟೆಲ್ ಮತ್ತು ನೆಡ್ರಾ ದನಿ ಇದರಲ್ಲಿ ಇಲ್ಲ. ಕೋರಸ್ ಹಾಡಿದ್ದು ಸ್ಟುಡಿಯೋದ ಗಾಯಕರು. ಅವರಲ್ಲಿ ಡಾರ್ಲೀನ್ ಲವ್ ಇದ್ದರು. ಗಾಯಕ ಸನ್ನಿ ಬೋನೊ ಇದ್ದರು. ಅವರ ಜೊತೆ ಬಂದಿದ್ದ 17 ವರ್ಷದ ಹುಡುಗಿ ಶೇರ್ ಕೂಡ ಇದ್ದಳು. ಹೌದು, ಆಮೇಲೆ ಲೋಕವೆಲ್ಲ ಹೆಸರಾದ ಅದೇ ಶೇರ್. ಗೀತೆ ಬರೆದ ಎಲ್ಲೀ ಗ್ರೀನ್‌ವಿಚ್ ಕೂಡ ಕೋರಸ್ಸಿಗೆ ದನಿ ಸೇರಿಸಿದ್ದಾರೆ.

ಡಾರ್ಲೀನ್ ಲವ್ ಕಥೆ ಗೊತ್ತಿಲ್ಲದಿದ್ದರೆ ಕೇಳಿ. ಹಿಂದಿನ ವರ್ಷ, 1962ರಲ್ಲಿ, ‘ಹೀ ಈಸ್ ಎ ರೆಬೆಲ್’ ಅನ್ನುವ ಹಾಡನ್ನು ಅವರೇ ಮುಖ್ಯ ದನಿಯಾಗಿ ಹಾಡಿದ್ದರು. ಹಾಡು ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಹೋಯಿತು. ರೆಕಾರ್ಡಿನ ಮೇಲೆ ಹೆಸರು ಮಾತ್ರ ‘ದಿ ಕ್ರಿಸ್ಟಲ್ಸ್’ ಅಂತ, ಬೇರೊಂದು ಗುಂಪಿನದು. ಅದನ್ನು ಹಾಗೆ ಹೊರತಂದವನು ಇದೇ ಸ್ಪೆಕ್ಟರ್. ಹಾಡಿದವರಿಗೆ ಹೆಸರಿಲ್ಲ. ಹೆಸರು ಬಂದವರಿಗೆ ಹಾಡಿಲ್ಲ, ವೇದಿಕೆಯ ಮೇಲೆ ತಾವು ಹಾಡದ ಹಾಡನ್ನು ಹಾಡುತ್ತಾ ತಿರುಗಬೇಕು. ಇಬ್ಬರಿಗೂ ಅನ್ಯಾಯ. 2011ರಲ್ಲಿ ಡಾರ್ಲೀನ್ ಲವ್ ಅವರನ್ನು ದೊಡ್ಡ ಸಂಗೀತಗಾರರನ್ನು ಗೌರವಿಸುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಷ್ಟು ಹೊತ್ತಿಗೆ ಅವರಿಗೆ 70 ಹತ್ತಿರ.

ಅಂಥ ದೊಡ್ಡ ಗಾಯಕಿ ‘ಬಿ ಮೈ ಬೇಬಿ’ಯಲ್ಲಿ ಕೋರಸ್ ಹಾಡಿದ್ದಾರೆ. ಹೇಗೆ ಹಾಡಿದ್ದಾರೆ ಅಂತ ಗಮನಿಸಿ. ಪಲ್ಲವಿಯಲ್ಲಿ ರಾನಿ ಒಂದು ಸಾಲು ಹೇಳುತ್ತಾಳೆ, ಕೋರಸ್ ಆ ಸಾಲನ್ನು ಸ್ವಲ್ಪ ಬದಲಾಯಿಸಿ ವಾಪಸ್ ಹೇಳುತ್ತದೆ. ಅವಳ ಸಾಲು ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಆಗಲೇ ಇವರು ಬಂದಿರುತ್ತಾರೆ. ಹೀಗೆ ಒಬ್ಬರ ಮೇಲೆ ಒಬ್ಬರು ಬಂದರೂ ಒಂದು ಪದವೂ ಕಲಸುವುದಿಲ್ಲ. ಕೋರಸ್ಸಿನವರು ಪದದ ಕೊನೆಯನ್ನು ಎಳೆಯುವುದಿಲ್ಲ, ಸರಿಯಾಗಿ ಕಡಿಯುತ್ತಾರೆ. ಎಲ್ಲರೂ ಒಂದೇ ಕ್ಷಣದಲ್ಲಿ ನಿಲ್ಲಿಸುತ್ತಾರೆ. ಕೋರಸ್ಸಿನಲ್ಲಿ ಅತಿ ಕಷ್ಟದ ಕೆಲಸ ಅದೇ. ಶುರು ಮಾಡುವುದು ಯಾರಿಗಾದರೂ ಬರುತ್ತದೆ. ನಿಲ್ಲಿಸುವುದು ಬರಬೇಕು. ಡಾರ್ಲೀನ್ ಲವ್ ದನಿ ಎಂಥದ್ದು ಅಂತ ಅವರ ಬೇರೆ ಹಾಡುಗಳಲ್ಲಿ ಕೇಳಿದ್ದೇನೆ. ಗೋಡೆ ಒಡೆಯುವ ದನಿ. ಇಲ್ಲಿ ಅದನ್ನು ಬಿಗಿಹಿಡಿದು, ಪಕ್ಕದವರ ದನಿಯಲ್ಲಿ ಸೇರಿಸಿ, ರಾನಿಗೆ ಜಾಗ ಬಿಟ್ಟಿದ್ದಾರೆ. ಈ ಔದಾರ್ಯ ಸುಮ್ನೆ ಬರುವುದಿಲ್ಲ.

ಇನ್ನು ಆ ಹೆಸರಾದ ‘ಗೋಡೆ’. ನನ್ನ ಅಣ್ಣನ ಮಗ ಸೌಂಡ್ ಇಂಜಿನಿಯರ್. ಇದರ ಕೆಲಸ ಹೇಗೆ ಅಂತ ಅವನು ನನಗೆ ಬಿಡಿಸಿ ಹೇಳಿದ. ಗೋಲ್ಡ್ ಸ್ಟಾರ್‌ನ ರೆಕಾರ್ಡಿಂಗ್ ಕೋಣೆ ಚಿಕ್ಕದು. ಅದರೊಳಗೆ ಸ್ಪೆಕ್ಟರ್ ಜನ ತುಂಬಿಸುತ್ತಿದ್ದ. ಒಂದು ಗಿಟಾರ್ ಸಾಕಾಗುವ ಕಡೆ ಹಲವು ಗಿಟಾರ್, ಒಂದು ಪಿಯಾನೋ ಬದಲು ಹಲವು ಪಿಯಾನೋ, ಒಂದಕ್ಕಿಂತ ಹೆಚ್ಚು ಬೇಸ್. ಎಲ್ಲರೂ ಒಂದೇ ಭಾಗವನ್ನು ಒಟ್ಟಿಗೆ ನುಡಿಸಬೇಕು. ಗಂಟೆಗಟ್ಟಲೆ ನುಡಿಸಬೇಕು, ಯಾರ ಕೈಯೂ ಬೇರೆಯಾಗಿ ಎದ್ದು ಕಾಣದಷ್ಟು ಬೆರೆಯುವ ತನಕ. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಗ್ಗುತ್ತದೆ, ನುಗ್ಗಲಿ. ಆಮೇಲೆ ಆ ಸದ್ದನ್ನು ಬೇರೆ ಒಂದು ಕೋಣೆಗೆ ಕಳಿಸುತ್ತಾರೆ. ಆ ಕೋಣೆ ಪೂರ್ತಿ ಖಾಲಿ, ಗಟ್ಟಿ ಗೋಡೆ, ಒಳಗೆ ಒಂದು ಸ್ಪೀಕರ್ ಮತ್ತು ಒಂದು ಮೈಕ್. ಸ್ಪೀಕರಿನಿಂದ ಸದ್ದು ಹೊರಡುತ್ತದೆ, ಗೋಡೆಗಳಿಗೆ ಬಡಿದು ಬಡಿದು ಮೈಕಿಗೆ ಬರುತ್ತದೆ. ಅದನ್ನು ಮೂಲ ಸದ್ದಿಗೆ ಸೇರಿಸುತ್ತಾರೆ. ಇದೇ ಎಕೋ ಚೇಂಬರ್. ಗೋಲ್ಡ್ ಸ್ಟಾರ್‌ನ ಎಕೋ ಚೇಂಬರಿಗೆ ಆ ಕಾಲದಲ್ಲೇ ದೊಡ್ಡ ಹೆಸರಿತ್ತು. 1984ರಲ್ಲಿ ಸ್ಟುಡಿಯೋ ಮುಚ್ಚಿತು. ಆ ಕೋಣೆಯ ಗುಂಗು ಈಗ ರೆಕಾರ್ಡುಗಳಲ್ಲಿ ಮಾತ್ರ ಇದೆ.

“ಅತ್ತೆ, ಇದನ್ನ ಮೊದಲು ಹೆಡ್‌ಫೋನ್‌ನಲ್ಲಿ ಕೇಳ್ಬೇಡಿ. ಒಂದು ಸ್ಪೀಕರ್ ಸಾಕು, ಸ್ವಲ್ಪ ದೂರ ಕೂತ್ಕೊಳ್ಳಿ” ಅಂತ ಅವನು ಹೇಳಿದ. ಸರಿಯಾದ ಮಾತು. ಈ ಹಾಡು ಮೋನೋ. ಎಡ ಬಲ ಅಂತ ಇಲ್ಲ, ಎಲ್ಲ ಒಂದೇ ಕಡೆಯಿಂದ ಬರುತ್ತದೆ. ಮಾಡಿದ್ದೇ ಕಾರಿನ ರೇಡಿಯೋ, ಟ್ರಾನ್ಸಿಸ್ಟರ್, ಜ್ಯೂಕ್‌ಬಾಕ್ಸ್‌ಗಳಿಗೆ. ಹೆಡ್‌ಫೋನ್‌ನಲ್ಲಿ ಎಲ್ಲ ವಾದ್ಯ ತಲೆಯ ನಡುವೆ ಗುಂಪುಗಟ್ಟುತ್ತವೆ, ಕೆಸರಾಗಿ ಕೇಳುತ್ತದೆ. ಚಿಕ್ಕ ಸ್ಪೀಕರಿನಲ್ಲಿ ಕೋಣೆ ತುಂಬುತ್ತದೆ. ನನ್ನ ಅಡುಗೆಮನೆಯ ಹಳೇ ರೇಡಿಯೋ ಸೆಟ್ಟಿಗೆ ಫೋನ್ ಸೇರಿಸಿ ಕೇಳಿದಾಗ ಅತಿ ಚೆನ್ನಾಗಿ ಕೇಳಿಸಿತು.

ನಮ್ಮಲ್ಲೂ ಹಿಂದೆ ಹೀಗೇ ಇತ್ತು. ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಸಿನಿಮಾ ಹಾಡು ರೆಕಾರ್ಡ್ ಆಗುತ್ತಿದ್ದ ಕಾಲದಲ್ಲಿ ಪಿಟೀಲಿನವರು, ತಬಲಾದವರು, ಹಾಡುವವರು ಎಲ್ಲ ಒಟ್ಟಿಗೆ ಕೂತು ಒಂದೇ ಸಲ ಮುಗಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ನನಗಿಂತ ಹಿರಿಯ ಕೋರಸ್ ಗಾಯಕಿಯರು ಇದನ್ನು ಹೇಳುವಾಗ ಈಗಲೂ ಅವರ ಬೆನ್ನು ನೆಟ್ಟಗಾಗುತ್ತದೆ. ಆ ಕಾಲದ ಹಾಡುಗಳಲ್ಲೂ ‘ಬಿ ಮೈ ಬೇಬಿ’ಯಲ್ಲೂ ಒಂದು ಗುಣ ಕೇಳಿಸುತ್ತದೆ. ಜನ ಒಂದೇ ಕೋಣೆಯಲ್ಲಿ ಇದ್ದಾರೆ, ಒಂದೇ ಗಾಳಿ ಉಸಿರಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ಇಲ್ಲಿ ರಾನಿಯ ದನಿಯನ್ನು ವಾದ್ಯ ಮುಗಿದ ಮೇಲೆ ಸೇರಿಸಿದ್ದಾರೆ. ಅದಕ್ಕೇ ಅವಳು ಆ ಗುಂಪಿಗಿಂತ ಒಂದು ಹೆಜ್ಜೆ ಮುಂದೆ ನಿಂತಿದ್ದಾಳೆ.

ಸ್ವರದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಚರಣದ ಮೊದಲ ಸಾಲುಗಳು ಒಂದೇ ಜಾಗದಲ್ಲಿ ಸುತ್ತುತ್ತವೆ, ಆರಾಮಾಗಿ. ಪಲ್ಲವಿಗೆ ಹೋಗುವ ಮೊದಲು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಇದ್ದಕ್ಕಿದ್ದಂತೆ ಮೂಲ ಶ್ರುತಿಯಿಂದ ಹೊರಗೆ ಹೆಜ್ಜೆ ಇಡುತ್ತವೆ. ಹಾಡು ಇ ಮೇಜರ್‌ನಲ್ಲಿದೆ. ಅಲ್ಲಿಂದ ಜಿ ಶಾರ್ಪ್ ಸೆವೆನ್, ಸಿ ಶಾರ್ಪ್ ಸೆವೆನ್, ಎಫ್ ಶಾರ್ಪ್, ಬಿ ಸೆವೆನ್. ಒಂದೊಂದೂ ಮುಂದಿನದನ್ನು ಎಳೆಯುತ್ತದೆ. ಕೀಬೋರ್ಡ್ ಇದ್ದರೆ ನುಡಿಸಿ ನೋಡಿ. ಪ್ರತಿ ಕಾರ್ಡಿಗೂ ಇನ್ನೂ ಮನೆ ಸಿಗಲಿಲ್ಲ, ಇನ್ನೂ ಸಿಗಲಿಲ್ಲ ಅನ್ನಿಸುತ್ತದೆ. ಬಿ ಸೆವೆನ್ ದಾಟಿ ಪಲ್ಲವಿಯ ಮೊದಲ ಪದಕ್ಕೆ ಇ ಮೇಜರ್ ಬಂದಾಗ ಮೈ ಹಗುರಾಗುತ್ತದೆ. ಹುಡುಗಿ ಮಾತು ಕಟ್ಟಿಕೊಂಡು ಕಟ್ಟಿಕೊಂಡು ಕೊನೆಗೆ ಕೇಳಿಯೇ ಬಿಡುತ್ತಾಳಲ್ಲ, ಆ ಧೈರ್ಯ ಕೂಡಿಸಿಕೊಳ್ಳುವ ಕೆಲಸ ಈ ಕಾರ್ಡ್‌ಗಳಲ್ಲೇ ಇದೆ. ಬ್ಯಾರಿ ಮತ್ತು ಗ್ರೀನ್‌ವಿಚ್ ದಂಪತಿಯ ಕಸುಬುಗಾರಿಕೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಕೊನೆಯ ಭಾಗದಲ್ಲಿ ಎಲ್ಲ ನಿಂತು, ಮೊದಲಿನ ಆ ಡ್ರಮ್ ಒಂದೇ ಮತ್ತೆ ಬರುತ್ತದೆ. ಡುಂ, ಡು-ಡುಂ, ಠಪ್. ಅಲ್ಲಿಂದ ಪಲ್ಲವಿ ಮತ್ತೆ. ಈ ಸಲ ಬ್ಲೇನ್ ಕೈ ಬಿಚ್ಚಿ ಬಾರಿಸುತ್ತಾರೆ. ರಾನಿಯೂ ಬರೆದ ಸಾಲು ಬಿಟ್ಟು ತನಗೆ ತೋಚಿದ ಕಡೆ ‘ವೊ-ಒ-ಒ’ ಹಾಕುತ್ತಾ ಹೋಗುತ್ತಾಳೆ. ದನಿ ನಿಧಾನಕ್ಕೆ ಕಡಿಮೆಯಾಗುತ್ತದೆ. ದಯವಿಟ್ಟು ಅಲ್ಲಿ ವಾಲ್ಯೂಮ್ ಜಾಸ್ತಿ ಮಾಡಿ. ಡ್ರಮ್ಮಿನ ಅತಿ ಒಳ್ಳೆಯ ಉರುಳಿಕೆಗಳು ಇರುವುದು ಆ ಕೊನೆಯ ಸೆಕೆಂಡುಗಳಲ್ಲೇ.

ಇಷ್ಟವಾಗದ್ದೂ ಇದೆ. ನಡುವೆ ಬರುವ ವಯಲಿನ್ ಭಾಗ ಚಿಕ್ಕದು, ಹಾಡಿನ ರಾಗವನ್ನೇ ಮತ್ತೊಮ್ಮೆ ಹೇಳುತ್ತದೆ, ಹೊಸದೇನೂ ಕೊಡುವುದಿಲ್ಲ. ಅಷ್ಟು ಒಳ್ಳೆ ಕೋರಸ್ ಇಟ್ಟುಕೊಂಡು ಆ ಜಾಗವನ್ನು ಅವರಿಗೇ ಕೊಡಬಹುದಿತ್ತು. ಬೇಸ್ ಮತ್ತು ಪಿಯಾನೋ ಬೇರೆಬೇರೆಯಾಗಿ ಕೇಳುವುದೇ ಇಲ್ಲ. ಅದು ಬೇಕು ಅಂತಲೇ ಮಾಡಿದ್ದು ಸರಿ, ಆದರೂ ಚರಣದಲ್ಲಿ ಸ್ವಲ್ಪ ಗಾಳಿಯಾಡಲು ಬಿಟ್ಟಿದ್ದರೆ ರಾನಿಯ ಕೆಳಸ್ವರಗಳು ಇನ್ನೂ ಚೆನ್ನಾಗಿ ಕೇಳುತ್ತಿದ್ದವು.

ರೆಕಾರ್ಡಿನ ಇನ್ನೊಂದು ಬದಿಯಲ್ಲಿ ‘ಟೆಡೆಸ್ಕೋ ಆ್ಯಂಡ್ ಪಿಟ್‌ಮನ್’ ಅಂತ ಒಂದು ವಾದ್ಯ ಸಂಗೀತ ಇದೆ. ಆ ಇಬ್ಬರು ಗಿಟಾರ್ ವಾದಕರ ಹೆಸರನ್ನೇ ಇಟ್ಟಿದ್ದಾರೆ. ರೇಡಿಯೋದವರು ತಪ್ಪಿಯೂ ಆ ಬದಿ ಹಾಕಬಾರದು, ಮುಖ್ಯ ಹಾಡನ್ನೇ ಹಾಕಬೇಕು ಅಂತ ಸ್ಪೆಕ್ಟರ್ ಹಿಂಬದಿಗೆ ಇಂಥ ತುಂಡು ತುಂಬಿಸುತ್ತಿದ್ದ. ರಾನೆಟ್ಸ್ ಹೆಸರಿನ ರೆಕಾರ್ಡಿನಲ್ಲಿ ಅರ್ಧ ಜಾಗ ಅವರಿಗೆ ಸಿಗಲೇ ಇಲ್ಲ. ಎಸ್ಟೆಲ್, ನೆಡ್ರಾ ಇಬ್ಬರನ್ನೂ ಕೂರಿಸಿಕೊಂಡು ಮೂವರೂ ಹಾಡಿದ ಒಂದು ಹಾಡನ್ನು ಅಲ್ಲಿ ಹಾಕಬಹುದಿತ್ತಲ್ಲ. ನನಗೆ ಇದು ಬೇಜಾರು.

ಹಣದ ವಿಷಯ ಇದಕ್ಕಿಂತ ಬೇಜಾರು. 1964ರಲ್ಲಿ ಮೂವರಿಗೂ ಸೇರಿ 15,000 ಡಾಲರಿಗಿಂತ ಸ್ವಲ್ಪ ಕಡಿಮೆ ಮುಂಗಡ ಬಂತು. ಆಮೇಲೆ ರಾಯಲ್ಟಿ ಬರಲೇ ಇಲ್ಲ. ಹಾಡು ಮಾತ್ರ ಓಡುತ್ತಲೇ ಇತ್ತು. 1973ರ ‘ಮೀನ್ ಸ್ಟ್ರೀಟ್ಸ್’ ಸಿನಿಮಾ ಶುರುವಾಗುವುದು ಇದೇ ಹಾಡಿನಿಂದ. 1987ರ ‘ಡರ್ಟಿ ಡ್ಯಾನ್ಸಿಂಗ್’ ಕೂಡ ಇದೇ ಹಾಡಿನಿಂದ. 80ರ ದಶಕದ ಕೊನೆಗೆ ಮೂವರೂ ಸ್ಪೆಕ್ಟರ್ ವಿರುದ್ಧ ಕೋರ್ಟಿಗೆ ಹೋದರು. 2000ದಲ್ಲಿ ಕೆಳಗಿನ ಕೋರ್ಟ್ ಅವರ ಪರ ಸುಮಾರು 26 ಲಕ್ಷ ಡಾಲರ್ ಕೊಡಬೇಕು ಅಂತ ಹೇಳಿತು. 2002ರಲ್ಲಿ ನ್ಯೂಯಾರ್ಕಿನ ಮೇಲಿನ ಕೋರ್ಟ್ ಅದನ್ನು ಬದಲಾಯಿಸಿತು. ರೆಕಾರ್ಡ್ ಮಾರಾಟದ ರಾಯಲ್ಟಿ ಕೊಡಬೇಕು, ಸಿನಿಮಾ ಮತ್ತು ಜಾಹೀರಾತಿಗೆ ಕೊಟ್ಟದ್ದರಲ್ಲಿ ಪಾಲಿಲ್ಲ, 1963ರ ಒಪ್ಪಂದದಲ್ಲಿ ಹಕ್ಕೆಲ್ಲ ಬರೆದುಕೊಟ್ಟಿದ್ದಾರೆ ಅಂದಿತು. ಹದಿನೆಂಟು ಇಪ್ಪತ್ತರ ಹುಡುಗಿಯರು ಹಾಕಿದ ಸಹಿ ನಲವತ್ತು ವರ್ಷ ಬೆನ್ನು ಬಿಡಲಿಲ್ಲ. ನಮಗೆ ಹಾಡು ಮುಗಿದ ಮೇಲೆ ಒಂದು ಕವರ್ ಕೊಟ್ಟು ಕಳಿಸುತ್ತಿದ್ದರು, ಅಲ್ಲಿಗೆ ಲೆಕ್ಕ ಮುಗಿಯಿತು. ಕ್ಯಾಸೆಟ್ ಎಷ್ಟು ಮಾರಿತು ಅಂತ ಕೇಳುವ ಅಭ್ಯಾಸವೂ ಇರಲಿಲ್ಲ. ಅದಕ್ಕೇ ಈ ಮೂವರು ಕೇಳಿದರು, ಕೋರ್ಟ್ ಮೆಟ್ಟಿಲು ಹತ್ತಿದರು ಅನ್ನುವುದೇ ನನಗೆ ದೊಡ್ಡ ವಿಷಯ.

ಸ್ಪೆಕ್ಟರ್ 1968ರಲ್ಲಿ ರಾನಿಯನ್ನು ಮದುವೆಯಾದ. ಮನೆಯಿಂದ ಹೊರಗೆ ಬಿಡದೆ ಕೂಡಿಹಾಕಿದ್ದ, ಹಾಡಲು ಬಿಡಲಿಲ್ಲ ಅಂತ ಅವಳು ಬರೆದಿದ್ದಾಳೆ. 1972ರಲ್ಲಿ ಬರಿಗಾಲಿನಲ್ಲಿ ಮನೆ ಬಿಟ್ಟು ಹೊರಟಳು. 2003ರಲ್ಲಿ ನಟಿ ಲಾನಾ ಕ್ಲಾರ್ಕ್‌ಸನ್ ಅವನ ಮನೆಯಲ್ಲಿ ಗುಂಡೇಟಿಗೆ ಸತ್ತರು. 2009ರಲ್ಲಿ ಆ ಕೊಲೆಗೆ ಅವನಿಗೆ ಶಿಕ್ಷೆಯಾಯಿತು. 2021ರಲ್ಲಿ ಶಿಕ್ಷೆ ಅನುಭವಿಸುತ್ತಲೇ ಸತ್ತ. ಇಂಥವನು ಮಾಡಿದ ಹಾಡನ್ನು ಕೇಳಬೇಕಾ ಅಂತ ನನ್ನ ಹತ್ತಿರ ಹಾಡು ಕಲಿಯುವ ಹುಡುಗಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಇದು: ಈ ಹಾಡು ಅವನೊಬ್ಬನದು ಅಂತ ಒಪ್ಪಿಕೊಂಡರೆ ಮಾತ್ರ ಆ ಕಷ್ಟ. ರಾನಿಯೇ ಇದನ್ನು ಬಿಟ್ಟುಕೊಡಲಿಲ್ಲ. ಮನೆ ಬಿಟ್ಟು ಬಂದ ಮೇಲೂ ವರ್ಷಗಟ್ಟಲೆ ವೇದಿಕೆಗಳಲ್ಲಿ ಇದನ್ನು ಹಾಡಿದಳು. ಆತ್ಮಕಥೆಗೂ ಇದೇ ಹೆಸರಿಟ್ಟಳು. 1986ರಲ್ಲಿ ಎಡ್ಡಿ ಮನಿ ಅನ್ನುವ ಗಾಯಕನ ‘ಟೇಕ್ ಮಿ ಹೋಮ್ ಟುನೈಟ್’ ಹಾಡಿನ ನಡುವೆ ಬಂದು ಇದರದ್ದೇ ಒಂದು ಸಾಲು ಹಾಡಿದಳು, ಅದೇ ನಡುಕದ ದನಿ, ಅದೇ ‘ವೊ-ಒ-ಒ’. 2022ರ ಜನವರಿಯಲ್ಲಿ 78ರ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ಇಷ್ಟು ಹಟದಿಂದ ಉಳಿಸಿಕೊಂಡಿದ್ದನ್ನು ನಾವು ಯಾಕೆ ಅವನಿಗೆ ಕೊಡಬೇಕು?

ಎಸ್ಟೆಲ್ ಬಗ್ಗೆಯೂ ಬರೆಯಬೇಕು, ಯಾಕೆಂದರೆ ಯಾರೂ ಬರೆಯುವುದಿಲ್ಲ. ಗುಂಪು ಒಡೆದ ಮೇಲೆ ಅವಳು ಸಂಗೀತದಿಂದ ದೂರವಾದಳು. ಮಾನಸಿಕ ಕಾಯಿಲೆಯಿಂದ ತುಂಬ ಕಷ್ಟಪಟ್ಟಳು. 2007ರಲ್ಲಿ ರಾನೆಟ್ಸ್ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ವೇದಿಕೆಗೆ ಬಂದು ಚುಟುಕಾಗಿ ಧನ್ಯವಾದ ಹೇಳಿದಳು. 2009ರಲ್ಲಿ ತೀರಿಕೊಂಡಳು. ಈ ರೆಕಾರ್ಡಿನಲ್ಲಿ ಅವಳ ದನಿ ಇಲ್ಲ, ನಿಜ. ಆದರೆ ಊರೂರು ತಿರುಗಿ ವೇದಿಕೆಯ ಮೇಲೆ ಈ ಹಾಡನ್ನು ನಿಲ್ಲಿಸಿದ್ದು ಮೂವರೂ ಸೇರಿ. 1964ರ ಜನವರಿಯಲ್ಲಿ ಇಂಗ್ಲೆಂಡ್ ಪ್ರವಾಸ ಹೋದಾಗ ಅದೇ ಕಾರ್ಯಕ್ರಮಗಳಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಕೂಡ ಇದ್ದರು. ರಾನೆಟ್ಸ್ ಅಂದರೆ ಜನ ನೋಡಿದ್ದು ಆ ಮೂವರನ್ನು, ಒಂದೇ ಲಯದಲ್ಲಿ ಸೊಂಟ ತಿರುಗಿಸುವ ಆ ಮೂವರನ್ನು.

ಬೀಚ್ ಬಾಯ್ಸ್ ಬ್ಯಾಂಡಿನ ಬ್ರಯನ್ ವಿಲ್ಸನ್ ಈ ಹಾಡನ್ನು ಮೊದಲ ಸಲ ಕೇಳಿದ್ದು ಕಾರಿನ ರೇಡಿಯೋದಲ್ಲಿ. ರಸ್ತೆ ಬದಿಗೆ ಕಾರು ನಿಲ್ಲಿಸಬೇಕಾಯಿತಂತೆ. ಇದಕ್ಕೆ ಉತ್ತರವಾಗಿ ‘ಡೋಂಟ್ ವರಿ ಬೇಬಿ’ ಮಾಡಿದರು. ಜೀವನಪೂರ್ತಿ ಇದನ್ನೇ ಕೇಳುತ್ತಿದ್ದರು. 2006ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಹೊಸದಾಗಿ ಕೇಳುವವರಿಗೆ ಒಂದೆರಡು ಮಾತು. ಯಾವ ಆ್ಯಪ್‌ನಲ್ಲಿ ಹುಡುಕಿದರೂ ಈ ಹಾಡಿನ ಹತ್ತಾರು ರೂಪ ಬರುತ್ತವೆ. ಬೇರೆಯವರು ಹಾಡಿದ್ದು ಬೇಡ, ಮೊದಲು 1963ರದ್ದೇ ಕೇಳಿ. ಮೋನೋ ಅಂತ ಬರೆದಿದ್ದರೆ ಅದನ್ನೇ ಆರಿಸಿ. ಸ್ಟೀರಿಯೋ ರೂಪದಲ್ಲಿ ವಾದ್ಯ ಒಂದು ಕಡೆ, ದನಿ ಒಂದು ಕಡೆ ಹಂಚಿಹೋಗಿ ಆ ಒಟ್ಟಿಗಿರುವ ಗುಣವೇ ಕಳೆದುಹೋಗುತ್ತದೆ. ಸಿಡಿ ಕೊಳ್ಳುವವರಾದರೆ 2011ರಲ್ಲಿ ಸೋನಿಯವರು ರಾನೆಟ್ಸ್ ಹಾಡುಗಳ ಒಂದು ಸಂಕಲನ ತಂದಿದ್ದಾರೆ, ಸಾಕು. ಹಳೇ 45 ಆರ್‌ಪಿಎಂ ಫಿಲೀಸ್ ರೆಕಾರ್ಡ್ ಹುಡುಕಿ ಹಣ ಸುರಿಯುವುದು ಸಂಗ್ರಹ ಮಾಡುವವರಿಗೆ ಬಿಟ್ಟದ್ದು. ಮೊದಲ ಸಲ ರಾನಿಯನ್ನು ಕೇಳಿ. ಎರಡನೇ ಸಲ ಕೋರಸ್ ಮಾತ್ರ ಹಿಡಿದು ಕೇಳಿ. ಮೂರನೇ ಸಲ ಚಿಟಿಕೆಯ ಹಾಗೆ ಕಟಕಟ ಅನ್ನುವ ಕ್ಯಾಸ್ಟನೆಟ್ಸ್ ಎಲ್ಲಿ ಬರುತ್ತವೆ, ಎಲ್ಲಿ ನಿಲ್ಲುತ್ತವೆ ಅಂತ ಗಮನಿಸಿ. ಹಾಡು ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಖಂಡಿತ ಕೇಳಿಸಿ, ಸಾಲಿನ ಕೊನೆಯನ್ನು ಹೇಗೆ ಮುಗಿಸಬೇಕು ಅನ್ನುವುದಕ್ಕೆ.

ಇದು ಹಿಡಿಸಿದರೆ ಮುಂದೆ ‘ಬೇಬಿ, ಐ ಲವ್ ಯು’ ಕೇಳಿ. ಇದರ ನಂತರ ಬಂದ ಸಿಂಗಲ್ ಅದು. ಅದಕ್ಕೂ ಎಸ್ಟೆಲ್, ನೆಡ್ರಾ ಇರಲಿಲ್ಲ. ಅವರು ಊರೂರು ಕಾರ್ಯಕ್ರಮ ಕೊಡುತ್ತಾ ತಿರುಗುತ್ತಿದ್ದರು, ರಾನಿಯೊಬ್ಬಳನ್ನು ರೆಕಾರ್ಡಿಂಗಿಗೆ ಅಂತ ಹಿಂದೆ ಉಳಿಸಿಕೊಂಡಿದ್ದರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 24ನೇ ಸ್ಥಾನಕ್ಕೆ ನಿಂತಿತು. ವಾದ್ಯ ಇನ್ನೂ ಜಾಸ್ತಿ, ಸದ್ದು ಇನ್ನೂ ದೊಡ್ಡದು. ಆದರೆ ಅದರಲ್ಲಿ ಕಾಯುವುದಕ್ಕೆ ಜಾಗವೇ ಇಲ್ಲ, ಮೊದಲ ಕ್ಷಣದಿಂದ ಎಲ್ಲ ತುಂಬಿದೆ. ನನ್ನ ಓಟು ಮೊದಲನೆಯದಕ್ಕೇ.